ಮಗಳನ್ನು ನೇರವಾಗಿ ಕೇಳಬಹುದೇ ಡಾಕ್ಟ್ರೇ?

ಪ್ರಶ್ನೆ: ಮೇಡಂ, ನಮ್ಮದು ಚನ್ನಗಿರಿ ಕಡೆಯ ಹಳ್ಳಿ, ಅಡಿಕೆ ತೋಟವಿದೆ. ಮಗಳಿಗೆ 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಡಾಕ್ಟರ್ ಆಗಬೇಕೆಂದು ಅವಳೇ ಆಸೆಪಟ್ಟಳೆಂದು ನೀಟ್ ಕೋಚಿಂಗ್ ಇರುವ ಪಿಯು ಕಾಲೇಜಿನ ಹಾಸ್ಟೆಲಿಗೆ ಸೇರಿಸಿದೆವು. ಮೊದಲ ಟೆಸ್ಟಿನಿಂದಲೇ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ದಸರಾ ರಜೆಗೆ ಬಂದವಳು ವಾಪಸ್ ಹೋಗಿಲ್ಲ. ನಡುರಾತ್ರಿ ಎದ್ದು ಕೂತಿರುತ್ತಾಳೆ. ಮಾತಾಡಿಸಿದರೆ ಸಿಡುಕುತ್ತಾಳೆ, ತಮ್ಮನ ಮೇಲೂ ರೇಗುತ್ತಾಳೆ. ತಲೆ ಬಾಚಿಕೊಳ್ಳಲೂ ಬೇಜಾರು. ಅತ್ತೆ ದೃಷ್ಟಿ ತೆಗೆದರು. ಯಜಮಾನರು ‘ಪರೀಕ್ಷೆ ಭಯ, ತಾನಾಗೇ ಸರಿಹೋಗುತ್ತೆ’ ಅನ್ನುತ್ತಾರೆ. ಮೊನ್ನೆ ಅವಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ‘ನಾನಿಲ್ಲದಿದ್ದರೆ ಇವರಿಗೆಲ್ಲ ಖರ್ಚಾದರೂ ಉಳಿಯುತ್ತಿತ್ತು’ ಎಂದು ಬರೆದಿದ್ದು ಕಂಡೆ. ಕೇಳೋಣವೆಂದರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುತ್ತದೇನೋ ಎಂದು ಭಯ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಮ್ಮಾ, ನಿಮ್ಮ ಪತ್ರ ಕೈಗೆ ಬಂದ ದಿನವೇ ನಾವು ಫೋನಿನಲ್ಲಿ ಮಾತಾಡಿದ್ದೇವೆ. ಇದೇ ಸಂಕಟದಲ್ಲಿರುವ ತಾಯಂದಿರು ಇನ್ನೂ ಎಷ್ಟೋ ಜನ ಇರುವುದರಿಂದ, ನಿಮ್ಮ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೇಳಿ. ಇವತ್ತೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳ 2,342 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಮಕ್ಕಳಿಗೆ ಆತ್ಮಹತ್ಯೆಯ ಕುರಿತ ಪ್ರಶ್ನೆಗಳನ್ನು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಪ್ರಶ್ನೆ ಎದುರಿಸಿದ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದವರಿಗೆ ಸಂಕಟ ಕೊಂಚ ಕಡಿಮೆಯೇ ಆಯಿತು. ನನ್ನ ಒಪಿಡಿಯಲ್ಲೂ ನೋಡುತ್ತೇನೆ: ಆ ಪ್ರಶ್ನೆ ಕೇಳಿದ ಕೂಡಲೇ ಎಷ್ಟೋ ಮಕ್ಕಳು ಬಿಗಿಹಿಡಿದ ಉಸಿರು ಬಿಡುತ್ತಾರೆ. ತಿಂಗಳುಗಟ್ಟಲೆ ಒಬ್ಬರೇ ಹೊತ್ತಿದ್ದದ್ದನ್ನು ಇನ್ನೊಬ್ಬರು ಹೆಸರಿಟ್ಟು ಕೇಳಿದರಲ್ಲ ಎಂಬ ಸಮಾಧಾನ ಅದು.

ಎಲ್ಲರೂ ಕೂತಿರುವ ಪಡಸಾಲೆಯಲ್ಲಿ ಬೇಡ. ತಲೆಗೆ ಎಣ್ಣೆ ಹಚ್ಚುವಾಗಲೋ, ಇಬ್ಬರೇ ತೋಟದ ಕಡೆ ಹೋದಾಗಲೋ ಕೇಳಿ. ‘ಪುಟ್ಟಿ, ನಿನ್ನ ನೋಟ್‌ಬುಕ್ ಕಣ್ಣಿಗೆ ಬಿತ್ತು. ಸತ್ತೋಗ್ಬೇಕು ಅಂತ ಅನ್ಸಿದೆಯಾ?’ ಇಷ್ಟೇ. ‘ಅಂಥದ್ದೇನೂ ಯೋಚನೆ ಮಾಡ್ತಿಲ್ಲ ತಾನೆ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಮಗು ನಿಮಗೆ ಬೇಕಾದ ‘ಇಲ್ಲ’ವನ್ನೇ ಕೊಡುತ್ತದೆ. ಹೌದು ಅಂದರೆ ಎಷ್ಟು ದಿನದಿಂದ, ಹೇಗೆ ಎಂದೇನಾದರೂ ಯೋಚಿಸಿದ್ದಾಳೆಯೇ, ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದಳೇ ಎಂದು ಮೆಲ್ಲಗೆ ಕೇಳಿ. ಅಳು ಬಂದರೆ ಅತ್ತುಬಿಡಿ. ಆದರೆ ‘ನಿನಗೇನು ಕಡಿಮೆ ಮಾಡಿದ್ದೀವಿ’ ಎಂಬ ಮಾತು ಮಾತ್ರ ಬಾಯಿಗೆ ಬರಬಾರದು. ತಾನೊಂದು ಹೊರೆ ಎಂದುಕೊಂಡ ಮಗುವಿಗೆ ಅದು ಇನ್ನಷ್ಟು ಭಾರ.

ಇನ್ನು ‘ಪರೀಕ್ಷೆ ಭಯ’ದ ವಿಷಯ. ನಿಮ್ಮ ಯಜಮಾನರು ಅರ್ಧ ಸರಿ. ಶುರುವಾಗಿದ್ದು ಆತಂಕದಿಂದಲೇ. ಟೆಸ್ಟ್ ಬಂದಾಗ ಹೊಟ್ಟೆನೋವು, ಎದೆ ಡವಡವ, ನಿದ್ದೆಗೇಡು, ಕಾಲೇಜಿಗೆ ಹೋಗಲಾರೆ ಎನ್ನುವುದು ಎಲ್ಲವೂ ಅದರ ಗುರುತು. ಹೊಟ್ಟೆನೋವು ನಾಟಕವಲ್ಲ, ಸ್ಕ್ಯಾನಿಂಗ್ ನಾರ್ಮಲ್ ಬಂದರೂ ನೋವು ನಿಜ. ಆತಂಕ ಬಹಳ ಮಕ್ಕಳಲ್ಲಿ ಮೊದಲು ಬರುತ್ತದೆ, ಅದು ತಿಂಗಳುಗಟ್ಟಲೆ ಉಳಿದಾಗ ಹಿಂದೆಯೇ ಖಿನ್ನತೆ ಬರುತ್ತದೆ. ಹರೆಯದಲ್ಲಿ ಖಿನ್ನತೆ ಅಂದರೆ ಮಂಕಾಗಿ ಕೂರುವುದೇ ಆಗಬೇಕಿಲ್ಲ. ಸಿಡುಕು, ರೇಗಾಟವೇ ಅದರ ಮುಖವಾಗಬಹುದು. ಅದಕ್ಕೇ ಮನೆಯವರು ‘ಕೊಬ್ಬು’ ಅಂದುಕೊಳ್ಳುತ್ತಾರೆ. ನನಗೆ ತುಂಬ ನೋವು ಕೊಡುವ ಮಾತು ಅದು.

ಎರಡೂ ಜೊತೆಯಾದಾಗಲೇ ನಾವು ಹೆಚ್ಚು ಎಚ್ಚರಗೊಳ್ಳುವುದು. ಹಾರ್ವರ್ಡ್‌ನ ಮ್ಯಾಥ್ಯೂ ನಾಕ್ ಮತ್ತು ಸಂಗಡಿಗರು ದೊಡ್ಡವರನ್ನು ಅಧ್ಯಯನ ಮಾಡಿ 2010ರಲ್ಲಿ ಒಂದು ಸಂಗತಿ ತೋರಿಸಿದರು: ಸಾಯುವ ಯೋಚನೆ ಯಾರಿಗೆ ಬರುತ್ತದೆ ಎಂಬುದಕ್ಕೆ ಖಿನ್ನತೆ ದೊಡ್ಡ ಸೂಚನೆ. ಆದರೆ ಯೋಚನೆ ಬಂದವರಲ್ಲಿ ಯಾರು ಪ್ರಯತ್ನಕ್ಕೆ ಇಳಿಯುತ್ತಾರೆ ಎಂಬುದಕ್ಕೆ ತೀವ್ರ ಆತಂಕ, ಚಡಪಡಿಕೆ, ದುಡುಕು ಹೆಚ್ಚು ಸೂಚನೆ ಕೊಡುತ್ತವೆ. ಹದಿಹರೆಯದಲ್ಲಿ ದುಡುಕು ಮೊದಲೇ ಜಾಸ್ತಿ. ಮುಂದೆ ಏನೂ ಸರಿಹೋಗುವುದಿಲ್ಲ ಎಂದು ಖಿನ್ನತೆ ಹೇಳುತ್ತದೆ, ಈಗಲೇ ಇದರಿಂದ ತಪ್ಪಿಸಿಕೊಳ್ಳಬೇಕು ಎಂದು ಆತಂಕ ಅವಸರಪಡಿಸುತ್ತದೆ. ಜೊತೆಗೆ ನಿದ್ದೆಯೂ ಇಲ್ಲ. ಹಾಗೆಂದು ಎದೆ ಒಡೆದುಕೊಳ್ಳಬೇಡಿ. ಖಿನ್ನತೆ, ಆತಂಕ ಇರುವ ಮಕ್ಕಳಲ್ಲಿ ಬಹುಪಾಲು ಮಂದಿ ಪ್ರಯತ್ನಕ್ಕೆ ಹೋಗುವುದಿಲ್ಲ, ಮತ್ತು ಈ ಎರಡಕ್ಕೂ ಚಿಕಿತ್ಸೆ ಇದೆ.

ಸಾಯಬೇಕೆನ್ನುವ ತೀವ್ರ ಒತ್ತಡ ಬಹಳ ಸಲ ಅಲ್ಪಕಾಲದ್ದು, ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಅವಳು ಒಬ್ಬಳೇ ಇರಬಾರದು, ಅಪಾಯಕಾರಿಯಾದದ್ದು ಕೈಗೆ ಸಿಗಬಾರದು. ತೋಟಕ್ಕೆ ಹೊಡೆಯುವ ಔಷಧಿ ಮನೆಯಿಂದ ಆಚೆ ಹೋಗಲಿ, ಅತ್ತೆಯವರ ಬಿಪಿ, ಶುಗರ್ ಮಾತ್ರೆಗಳು ಬೀಗದೊಳಗಿರಲಿ. ಇದು ಮಗಳ ಮೇಲಿನ ಅನುಮಾನವಲ್ಲ, ಅವಳಿಗೂ ಹಾಗೇ ಹೇಳಿ. ರಾತ್ರಿ ನೀವು ಪಕ್ಕದಲ್ಲೇ ಮಲಗಿ. ಹೇಗೆ ಎಂದು ಯೋಚಿಸಿಟ್ಟಿದ್ದಾಳೆ ಅಂತ ಗೊತ್ತಾದರೆ ನಾಳೆಗೆ ಕಾಯದೆ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು, ಹರೆಯದವರಿಗೇ ಪ್ರತ್ಯೇಕ ವಿಭಾಗವಿದೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಹತ್ತಿರ. ‘ಪೊಲೀಸ್ ಕೇಸ್ ಏನಾದ್ರೂ ಆಗುತ್ತಾ’ ಎಂದು ಯಜಮಾನರು ಫೋನಿನಲ್ಲಿ ಕೇಳಿದರಲ್ಲ, ಯೋಚನೆ ಬಂದದ್ದಕ್ಕೆ ಯಾವ ಕೇಸೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ. ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ವೈದ್ಯರು ಮಾತಿನ ಚಿಕಿತ್ಸೆ ಹೇಳಬಹುದು, ಜೊತೆಗೆ ಖಿನ್ನತೆ ಇಳಿಸುವ ಫ್ಲೂಆಕ್ಸೆಟಿನ್‌ನಂಥ ಮಾತ್ರೆ ಬರೆಯಬಹುದು. ಈ ಮಾತ್ರೆಗಳ ಬಗ್ಗೆ ಅಂತರ್ಜಾಲದಲ್ಲಿ ಓದಿ ಹೆದರುವವರು ತುಂಬ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಕೊಟ್ಟದ್ದು ನಿಜ: ಪ್ರಯೋಗಗಳಲ್ಲಿ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಶೇ 4ರಷ್ಟು, ಔಷಧಿಯಿಲ್ಲದ ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ 2ರಷ್ಟು ಮಂದಿಗೆ ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಜೀವ ಕಳೆದುಕೊಳ್ಳಲಿಲ್ಲ. ಇದರ ಅರ್ಥ ಮಾತ್ರೆ ಬೇಡವೆಂದಲ್ಲ, ಮೊದಲ ಕೆಲವು ವಾರ ಕಣ್ಣಿಟ್ಟಿರಬೇಕೆಂದು. ಗುಣ ಕಾಣಲು 4ರಿಂದ 6 ವಾರ ಬೇಕು. ಮಾತ್ರೆ ನಿಮ್ಮ ಕೈಯಿಂದಲೇ ಕೊಡಿ, ಚಡಪಡಿಕೆ ಹೆಚ್ಚಿದರೆ ಅವತ್ತೇ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಹಾಸ್ಟೆಲ್, ನೀಟ್ ವಿಷಯ ಈಗ ಯಾರೂ ಎತ್ತಬೇಡಿ. ನಿದ್ದೆ, ಊಟ ಮೊದಲು ದಾರಿಗೆ ಬರಲಿ. ಅತ್ತೆಯವರು ದೃಷ್ಟಿ ತೆಗೆದದ್ದರಲ್ಲಿ ತಪ್ಪಿಲ್ಲ, ಮೊಮ್ಮಗಳ ಪಕ್ಕ ಕೂತು ಊಟ ಮಾಡಿಸುವ ಕೆಲಸವನ್ನೂ ಅವರಿಗೇ ವಹಿಸಿ.

ಪ್ರಶ್ನೆ: ನನಗೆ 17. ನನ್ನ ಫ್ರೆಂಡ್ ಸಾಯ್ತೀನಿ ಅಂತ ಹೇಳಿದಾನೆ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸ್ಕೊಂಡಿದಾನೆ. ಹೇಳಿದ್ರೆ ಫ್ರೆಂಡ್‌ಶಿಪ್ ಹೋಗುತ್ತೆ.
– ದ್ವಿತೀಯ ಪಿಯು ವಿದ್ಯಾರ್ಥಿ

ಉತ್ತರ: ಹೇಳಪ್ಪಾ, ಆಣೆ ಮುರಿ. ನೀನು ವಿಳಾಸ ಬರೆದಿಲ್ಲ, ಅದಕ್ಕೇ ಇಲ್ಲೇ ಉತ್ತರಿಸುತ್ತಿದ್ದೇನೆ. ಇದನ್ನು ಓದಿದ ತಕ್ಷಣ ಅವನ ಮನೆಯವರಿಗೋ, ನಿನಗೆ ನಂಬಿಕೆಯಿರುವ ಮೇಷ್ಟ್ರಿಗೋ, ನಿನ್ನ ಅಪ್ಪ-ಅಮ್ಮನಿಗೋ ಹೇಳು. ಮೊದಲನೆಯವರು ‘ಸುಮ್ನೆ ಹೇಳ್ತಾನೆ ಬಿಡು’ ಅಂದರೆ ಇನ್ನೊಬ್ಬರ ಹತ್ತಿರ ಹೋಗು. ಅವನು ಸಿಟ್ಟಾಗಬಹುದು, ವಾರಗಟ್ಟಲೆ ಮಾತು ಬಿಡಬಹುದು. ಅಷ್ಟನ್ನು ತಡೆದುಕೋ. ಈ ರಾತ್ರಿಯೇ ಏನಾದರೂ ಮಾಡಿಕೊಳ್ಳುತ್ತಾನೆ ಎನಿಸಿದರೆ 112ಕ್ಕೆ ಫೋನ್ ಮಾಡು, ದೊಡ್ಡವರು ಬರುವವರೆಗೆ ಅವನ ಜೊತೆ ಇರು. ಇಷ್ಟು ದಿನ ಇದನ್ನು ಒಬ್ಬನೇ ಹೊತ್ತಿದ್ದೀಯ, ನಿನಗೂ ಮಾತಾಡಬೇಕು ಅನಿಸಿದರೆ ಅದೇ 14416ಕ್ಕೆ ನೀನೂ ಫೋನ್ ಮಾಡಬಹುದು.