ಬಾಕ್ಸಿನ ಕಳೆಗೆ ಔಷಧಿ ಬೇಡ, ಮಣ್ಣು ಸುರಿದು ನೋಡಿ

ತಾರಸಿಯ ಮೇಲೆ ಮೂರಡಿ ಉದ್ದದ ನಾಲ್ಕು ಪ್ಲಾಂಟರ್ ಬಾಕ್ಸ್ ಇಟ್ಟು ಟೊಮೆಟೊ, ಕೊತ್ತಂಬರಿ, ಮೆಂತ್ಯ ಹಾಕಿದ್ದೀರಿ. ಕಿತ್ತ ವಾರಕ್ಕೇ ಕಳೆ ಮತ್ತೆ ಬರುತ್ತೆ, ಕಳೆನಾಶಕ ಹೊಡೆಯಲಾ, ಇಲ್ಲಾ ಉಪ್ಪುನೀರು ಹಾಕಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಹಾಕಿದ ಉಪ್ಪು ಬಾಕ್ಸಿನ ಮಣ್ಣಲ್ಲೇ ಉಳಿಯುತ್ತೆ. ಕಳೆಯ ಜೊತೆ ಕೊತ್ತಂಬರಿಯೂ ಹೋಗುತ್ತೆ, ಮುಂದೆ ಬಿತ್ತಿದ್ದೂ ಸರಿಯಾಗಿ ಮೇಲೇಳಲ್ಲ. ಅಂಗಡಿಯಲ್ಲಿ ಕಳೆನಾಶಕ ಅಂದರೆ ಸಾಮಾನ್ಯವಾಗಿ ಕೈಗೆ ಬರೋದು ಗ್ಲೈಫೋಸೇಟ್. ಅದು ಹಸಿರಾಗಿರೋದನ್ನೆಲ್ಲಾ ಒಣಗಿಸುತ್ತೆ. ಒಂದಡಿ ಅಗಲದ ಬಾಕ್ಸಿನಲ್ಲಿ ಟೊಮೆಟೊ ಎಲೆಗೆ ತಾಗದ ಹಾಗೆ ಅದನ್ನು ಹೊಡೆಯೋದು ಆಗದ ಮಾತು. 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣದ ಕೆಲಸ ಮಾಡುವವರಿಗೆ ಮಾತ್ರ ಸೀಮಿತ ಮಾಡಿ ಆದೇಶವನ್ನೂ ಹೊರಡಿಸಿತು.

ಮೊದಲು ನಿಮ್ಮ ಕಳೆ ಯಾವುದು ಅಂತ ನೋಡಿ. ಕಿತ್ತ ವಾರಕ್ಕೇ ಬರುತ್ತೆ ಅಂದಿದ್ದಕ್ಕೆ ನನಗೆ ಕೊನ್ನಾರಿ ಗಡ್ಡೆಯ ಮೇಲೇ ಅನುಮಾನ. ಕೆಲವು ಕಡೆ ಜೇಕು ಅಂತಾರೆ. ನೋಡೋಕೆ ಹುಲ್ಲಿನ ಥರಾನೇ ಇರುತ್ತೆ. ಹೂ ಬಿಡುವ ದಂಟನ್ನು ಎರಡು ಬೆರಳ ನಡುವೆ ಇಟ್ಟು ಉರುಳಿಸಿ, ಹುಲ್ಲಾದರೆ ಸಲೀಸಾಗಿ ಉರುಳುತ್ತೆ, ಕೊನ್ನಾರಿಯಾದರೆ ಮೂರು ಅಂಚು ಬೆರಳಿಗೆ ತಾಕುತ್ತೆ. ಎಳೆದರೆ ಮೇಲಿನ ಎಲೆ ಕೈಗೆ ಬರುತ್ತೆ, ಗಡ್ಡೆ ಮಣ್ಣಲ್ಲೇ ಉಳಿಯುತ್ತೆ. ಒಳಗೆ ಕಪ್ಪು ದಾರಕ್ಕೆ ಮಣಿ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಗಡ್ಡೆ. ಆ ದಾರ ತುಂಡಾದರೆ ಅಲ್ಲಿವರೆಗೆ ಸುಮ್ಮನೆ ಮಲಗಿದ್ದ ಗಡ್ಡೆಗಳೂ ಮೊಳೆಯುತ್ತವೆ. ಅದಕ್ಕೇ ಕೈಗುದ್ದಲಿಯಲ್ಲಿ ಕೆದಕಿದಷ್ಟೂ ಜಾಸ್ತಿಯಾಗುತ್ತೆ.

ಹೊಲದಲ್ಲಿ ಇದು ಬಂದರೆ ರೈತರು ವರ್ಷಗಟ್ಟಲೆ ಒದ್ದಾಡ್ತಾರೆ. ನಿಮಗೆ ಆ ಕಷ್ಟ ಇಲ್ಲ, ಯಾಕಂದರೆ ನಿಮ್ಮ ಮಣ್ಣಿಗೆ ತಳ ಇದೆ. ಪೂರ್ತಿ ಹೊರಗೆ ಸುರಿಯಬಹುದು. ಮೈಸೂರಿನ ನಮ್ಮ ಮನೆಯಲ್ಲಿ ಎರಡು ವರ್ಷ ಕಿತ್ತೂ ಕಿತ್ತೂ ಸಾಕಾದ ಮೇಲೆ ಒಂದು ಮಾರ್ಚ್‌ನಲ್ಲಿ ನಾನು ಮಾಡಿದ್ದು ಇದನ್ನೇ. ಎರಡು ದಿನ ನೀರು ನಿಲ್ಲಿಸಿ, ಟಾರ್ಪಾಲಿನ ಮೇಲೆ ಬಾಕ್ಸ್ ಬೋರಲು ಹಾಕಿ, ಮರಳು ಜಾಲಿಸುವ ಜರಡಿಯಲ್ಲಿ ಮಣ್ಣನ್ನೆಲ್ಲಾ ಜರಡಿ ಹಿಡಿದೆ. ಒಂದೇ ಬಾಕ್ಸಿನಿಂದ ಎರಡು ಬೊಗಸೆ ಗಡ್ಡೆ ಬಂತು. ಕಡಲೆಕಾಳಿನಷ್ಟು ಚಿಕ್ಕವೂ ಇದ್ದವು, ಅಡಿಕೆಯಷ್ಟು ದೊಡ್ಡವೂ ಇದ್ದವು. ಮುರಿದರೆ ಒಳಗೆ ಬಿಳುಪು, ಮೂಗಿಗೆ ಕರ್ಪೂರದ ಹಾಗೊಂದು ಘಮ. ಅವನ್ನು ಕಾಂಪೋಸ್ಟಿಗೆ ಹಾಕಬೇಡಿ, ಅಲ್ಲೂ ಚಿಗುರುತ್ತವೆ. ಬಿಸಿ ಸಿಮೆಂಟಿನ ಮೇಲೆ ಎರಡು ವಾರ ಚೆನ್ನಾಗಿ ಒಣಗಿಸಿ, ಆಮೇಲೆ ಬಿಸಾಕಿ.

ಜರಡಿ ಹಿಡಿದ ಮಣ್ಣಿನಲ್ಲಿ ಬೀಜಗಳು ಉಳಿದಿರುತ್ತವೆ. ಮಣ್ಣನ್ನು ಸ್ವಲ್ಪ ತೇವ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನಾಲ್ಕು ಬೆರಳು ದಪ್ಪಕ್ಕೆ ಹರಡಿಸಿ ತಾರಸಿಯ ಬಿಸಿಲಲ್ಲಿ 4ರಿಂದ 6 ವಾರ ಮಲಗಿಸಿ. ಕಪ್ಪು ಚೀಲಕ್ಕಿಂತ ಪಾರದರ್ಶಕದ್ದೇ ಒಳ್ಳೆಯದು, ಬಿಸಿಲು ನೇರ ಮಣ್ಣಿಗೆ ಇಳಿಯುತ್ತೆ. ತೇವ ಇದ್ದರೇ ಶಾಖ ಒಳಗಿನವರೆಗೆ ಹೋಗೋದು, ಬೀಜ ಸಾಯೋದು. ಈ ಕೆಲಸಕ್ಕೆ ಮಾರ್ಚ್‌ನಿಂದ ಮೇ ತನಕ ಮಾತ್ರ ಸಮಯ.

ಮಣ್ಣನ್ನು ಬಾಕ್ಸಿಗೆ ವಾಪಸ್ ತುಂಬಿದ ತಕ್ಷಣ ಬಿತ್ತಬೇಡಿ. ಹತ್ತು ದಿನ ಬರೀ ನೀರು ಹಾಕ್ತಾ ಇರಿ. ಅಳಿದುಳಿದಿದ್ದು ಮೊಳೆಯುತ್ತೆ, ಅದನ್ನು ಮೇಲೆಮೇಲೆ ಕೆರೆದು ತೆಗೆಯಿರಿ. ಆಳಕ್ಕೆ ಅಗೆದರೆ ಕೆಳಗಿನ ಬೀಜ ಬೆಳಕಿಗೆ ಬರುತ್ತೆ. ಆಮೇಲೆ ಕೊತ್ತಂಬರಿ, ಮೆಂತ್ಯವನ್ನು ಎರಚದೆ ಸಾಲಲ್ಲಿ ಬಿತ್ತಿ, ಸಾಲಿನಾಚೆ ಹುಟ್ಟಿದ್ದೆಲ್ಲಾ ಕಳೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಟೊಮೆಟೊ ಬುಡಕ್ಕೆ ಎರಡು ಮೂರು ಇಂಚು ಒಣಎಲೆ ಅಥವಾ ತೆಂಗಿನ ನಾರು ಹೊದಿಸಿ, ಕಾಂಡಕ್ಕೆ ಮಾತ್ರ ತಾಗದ ಹಾಗೆ ಎರಡು ಬೆರಳು ಜಾಗ ಬಿಡಿ.

ಇಷ್ಟು ಮಾಡಿ ಮತ್ತೆ ಕಳೆ ಬಂತು ಅಂದರೆ ಅದು ಹೊಸ ಮಣ್ಣು ಅಥವಾ ಗೊಬ್ಬರದ ಜೊತೆ ಬಂದಿರುತ್ತೆ. ನಮ್ಮ ಮನೆಗೆ ಕೊನ್ನಾರಿ ಬಂದಿದ್ದು ಹತ್ತಿರದ ಸೈಟಿನಿಂದ ತಂದ ಕೆಂಪು ಮಣ್ಣಿನಲ್ಲಿ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದಲ್ಲೂ ದನ ತಿಂದ ಹುಲ್ಲಿನ ಬೀಜ ಜೀವಂತ ಇರುತ್ತೆ. ಈಗ ನಾನು ಯಾವುದೇ ಮಣ್ಣು ತಂದರೂ ಮೊದಲು ಒಂದು ಹಳೇ ಟಬ್ಬಿಗೆ ಹಾಕಿ, ಮೂರು ವಾರ ನೀರು ಕೊಟ್ಟು, ಏನು ಹುಟ್ಟುತ್ತೆ ನೋಡಿಯೇ ಬಾಕ್ಸಿಗೆ ಹಾಕೋದು.

ಬೇರೆ ಕಳೆಗಳಿಗೆ ಇಷ್ಟು ಶ್ರಮ ಬೇಡ. ಹೃದಯದಾಕಾರದ ಮೂರು ಎಲೆ, ಹಳದಿ ಹೂವಿನ ಹುಳಿ ಸೊಪ್ಪಿದ್ದರೆ ಕಾಯಿ ಬಲಿಯೋ ಮೊದಲೇ ಕೀಳಿ. ಬಲಿತ ಕಾಯಿ ಸಿಡಿದರೆ ಬೀಜ ಪಕ್ಕದ ಕುಂಡಕ್ಕೂ ಹಾರುತ್ತೆ. ಗೋಣಿ ಸೊಪ್ಪನ್ನು ಕಿತ್ತು ಮಣ್ಣಿನ ಮೇಲೇ ಬಿಡಬೇಡಿ, ತುಂಡು ಬೇರು ಬಿಡುತ್ತೆ. ನಮ್ಮಮ್ಮ ಅದನ್ನೂ ಗಾಣಿಕೆ ಸೊಪ್ಪನ್ನೂ ಬಿಡಿಸಿಕೊಂಡು ಬೆರಕೆ ಸೊಪ್ಪಿನ ಸಾರು ಮಾಡ್ತಾರೆ. ಔಷಧಿ ಹೊಡೆದ ಬಾಕ್ಸಾದರೆ ಆ ಸೊಪ್ಪನ್ನು ಮನೆಯೊಳಗೆ ತರೋಕೆ ನನಗಂತೂ ಧೈರ್ಯ ಬರಲ್ಲ. ಒಂದು ಎಚ್ಚರ ಇರಲಿ: ಗೋಣಿ ಸೊಪ್ಪಿನ ಹಾಗೇ ನೆಲಕ್ಕಂಟಿ ಹರಡುವ ಇನ್ನೊಂದು ಗಿಡ ಇದೆ. ಕಾಂಡ ಮುರಿದಾಗ ಬಿಳಿ ಹಾಲು ಬಂದರೆ ಅದನ್ನು ಅಡುಗೆಗೆ ತರಬೇಡಿ.

ನಿಮ್ಮ ಟೊಮೆಟೊ ಈಗ ಕಾಯಿ ಬಿಡ್ತಾ ಇದ್ದರೆ ಬಾಕ್ಸ್ ಸುರಿಯೋಕೆ ಅವಸರ ಮಾಡಬೇಡಿ. ಫಸಲು ಮುಗಿಯೋವರೆಗೆ ಪ್ರತಿ ಭಾನುವಾರ ಕೊನ್ನಾರಿಯ ಚಿಗುರನ್ನು ಬುಡಕ್ಕೇ ಕತ್ತರಿಸ್ತಾ ಇರಿ. ಚಿಗುರು ಮೂರು ನಾಲ್ಕು ವಾರ ಬೆಳೆದರೆ ಕೆಳಗೆ ಹೊಸ ಗಡ್ಡೆ ಕಟ್ಟೋಕೆ ಶುರುವಾಗುತ್ತೆ, ಅಷ್ಟು ದಿನ ಅದಕ್ಕೆ ಸಿಗಬಾರದು. ಮಾರ್ಚ್ ಬಂದಾಗ ಟಾರ್ಪಾಲ್ ಹಾಸಿ, ಒಂದು ಬಾಕ್ಸಿನಿಂದ ಶುರು ಮಾಡಿ.