ಕಾನೂನಿನಲ್ಲಿ ಮಸುಕಾದ ಪದಗಳು ಯಾಕೆ? ಅದು ದೋಷ ಅಲ್ವಾ?

ಎಲ್ಲ ಸಲವೂ ಅಲ್ಲ. ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಒಂದು ನಿಯಮವಿದೆ: ‘ಜಾಸ್ತಿ ಗದ್ದಲ ಮಾಡಬಾರದು’. ತಾಳಮದ್ದಳೆಯ ಅರ್ಥಗಾರಿಕೆ ಗದ್ದಲವಲ್ಲ. ನಡುರಾತ್ರಿಯ ಡಿಜೆ ಖಂಡಿತ ಗದ್ದಲ. ಭಾಗವತರ ಏರುಪದಕ್ಕೆ ಚೆಂಡೆ ಸೇರಿದಾಗ? ಮಾತಿಗೆ ಮಾತು ಬೆಳೆಯುವುದು ಅಲ್ಲೇ.

1958ರಲ್ಲಿ ಇಂಗ್ಲೆಂಡಿನ ಕಾನೂನು ತತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್ ಕೊಟ್ಟ ಉದಾಹರಣೆಯೂ ಇಂಥದ್ದೇ: ಪಾರ್ಕಿನೊಳಗೆ ವಾಹನ ತರಬಾರದು. ಕಾರು ಬೇಡ, ಸರಿ. ಸೈಕಲ್? ಮಕ್ಕಳ ಆಟಿಕೆ ಕಾರು? ಪದಕ್ಕೆ ಗಟ್ಟಿ ತಿರುಳಿದೆ, ಅಂಚು ಮಾತ್ರ ಮಸುಕು. ಅಂಚಿನಲ್ಲಿ ನ್ಯಾಯಾಧೀಶರು ತಾವೇ ವಿವೇಚಿಸಬೇಕು ಅಂದರು. ಅಮೆರಿಕದ ಕಾನೂನು ಚಿಂತಕ ಲಾನ್ ಫುಲ್ಲರ್ ಒಪ್ಪಲಿಲ್ಲ. ಯುದ್ಧದಲ್ಲಿ ಓಡಿದ ಟ್ರಕ್ಕನ್ನು ಸ್ಮಾರಕವಾಗಿ ಪಾರ್ಕಿನಲ್ಲಿ ನಿಲ್ಲಿಸಿದರೆ? ನಿಯಮದ ಉದ್ದೇಶ ನೋಡದೆ ತಿರುಳೂ ತಿಳಿಯದು ಅನ್ನುವುದು ಅವರ ವಾದ. ನನಗೆ ಫುಲ್ಲರ್ ಮಾತೇ ಹೆಚ್ಚು ಸರಿ ಅನಿಸುತ್ತದೆ.

ಆದರೆ ಜೈಲಿಗೆ ಕಳಿಸುವ ಕಾನೂನು ಮಸುಕಾಗಿದ್ದರೆ ನಿಜಕ್ಕೂ ಅಪಾಯ. 2012ರಲ್ಲಿ ಮುಂಬಯಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಒಬ್ಬ ಯುವತಿ, ಅದನ್ನು ಲೈಕ್ ಮಾಡಿದ್ದಕ್ಕೆ ಇನ್ನೊಬ್ಬಳು ಪಾಲ್ಘರ್‌ನಲ್ಲಿ ಬಂಧನಕ್ಕೊಳಗಾದರು. ಹಾಕಿದ ಸೆಕ್ಷನ್‌ಗಳಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕೂಡ ಇತ್ತು. ಅದರಲ್ಲಿದ್ದ ‘ಕಿರಿಕಿರಿ’, ‘ಅನನುಕೂಲ’ದಂಥ ಪದಗಳಿಗೆ ಗೆರೆ ಎಲ್ಲಿದೆ ಅಂತ ಬರೆಯುವವರಿಗೂ ಗೊತ್ತಾಗದು, ಪೊಲೀಸರಿಗೂ ಗೊತ್ತಾಗದು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು.

ನಷ್ಟ ಪರಿಹಾರದ ಕೇಸುಗಳಲ್ಲಿ ಬರುವ ‘ತಕ್ಕಷ್ಟು ಎಚ್ಚರಿಕೆ’ಯ ಮಾತೇ ಬೇರೆ. ಅದು ಮಸುಕಾಗಿಯೇ ಇರಬೇಕು. ಮುಂಬಯಿ ಮಳೆಯಲ್ಲಿ ಎಷ್ಟು ನಿಧಾನ ಓಡಿಸಬೇಕು ಅಂತ ಪ್ರತಿ ರಸ್ತೆಗೂ ಮೊದಲೇ ಬರೆದಿಡಲು ಆಗುವುದಿಲ್ಲ.