ಸೇನಾ ಹೆಲಿಕಾಪ್ಟರ್‌ನಲ್ಲಿ ಗಾಯಾಳುವಿನ ಜೊತೆ ಹಾರುವವರು ಏನನ್ನು ಕಲಿತಿರಬೇಕು?

ನಮಸ್ಕಾರ. 108 ಆಂಬ್ಯುಲೆನ್ಸ್‌ನಲ್ಲಿ ಆರು ವರ್ಷ ದುಡಿದಿರುವ ನೀವು, ಸೇನೆಯ ಹೆಲಿಕಾಪ್ಟರ್‌ಗಳಲ್ಲಿ ಗಾಯಾಳುಗಳ ಜೊತೆ ಹೋಗುವ ವೈದ್ಯಕೀಯ ಸಿಬ್ಬಂದಿಗೆ ಎಂಥ ತರಬೇತಿ ಇರುತ್ತದೆ, ರಸ್ತೆಯ ಮೇಲೆ ತುರ್ತು ಚಿಕಿತ್ಸೆ ಮಾಡಿ ಪಳಗಿದವರಿಗೆ ಅಲ್ಲಿ ಹೊಸದಾಗಿ ಕಲಿಯಲು ಏನಿದೆ ಎಂದು ಕೇಳಿದ್ದೀರಿ. ನಾನು ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ಸೇನಾ ವೈದ್ಯಕೀಯ ಕೋರ್ ಸೇರಿ, ಲಡಾಖ್‌ನಲ್ಲಿ ಒಂದು ಪದಾತಿ ಬೆಟಾಲಿಯನ್ನಿನ ಆರ್‌ಎಂಓ, ಅಂದರೆ ಆ ತುಕಡಿಯ ಜೊತೆಗೇ ಇರುವ ವೈದ್ಯಾಧಿಕಾರಿ, ಆಗಿದ್ದವನು. ಈಗ ಬೆಂಗಳೂರಿನಲ್ಲಿ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದೇನೆ. ಹೆಲಿಕಾಪ್ಟರ್ ವೈದ್ಯಕೀಯವೇ ನನ್ನ ವೃತ್ತಿಯಾಗಿರಲಿಲ್ಲ, ಆದರೆ ರೋಗಿಯ ಪಕ್ಕದಲ್ಲಿ ಮೊಣಕಾಲೂರಿ ಕೂತು ಹಾರಬೇಕಾದ ಸಂದರ್ಭಗಳು ಹಲವು ಬಂದವು. ಆ ಅನುಭವದಿಂದಲೂ ನಂತರದ ಓದಿನಿಂದಲೂ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ ಹೇಳುತ್ತೇನೆ. ಔಷಧಿ ಅದೇ, ದೇಹವೂ ಅದೇ. ಬದಲಾಗುವುದು ನಿಮ್ಮ ಕಣ್ಣು, ಕಿವಿ, ಬೆರಳು. ನೆಲದ ಮೇಲೆ ನೀವು ಯಾವುದನ್ನು ನಂಬಿ ರೋಗಿಯನ್ನು ಪರೀಕ್ಷಿಸುತ್ತೀರೋ ಅದರಲ್ಲಿ ಬಹುಪಾಲನ್ನು ಹೆಲಿಕಾಪ್ಟರ್ ಕಸಿದುಕೊಳ್ಳುತ್ತದೆ. ಆದ್ದರಿಂದ ನಿಜವಾದ ಚಿಕಿತ್ಸೆಯನ್ನು ರೋಟರ್ ಸದ್ದು ಕೇಳುವ ಮೊದಲೇ ಮುಗಿಸಿಕೊಳ್ಳುವುದನ್ನೂ, ಉಳಿದದ್ದನ್ನು ಕತ್ತಲಲ್ಲಿ, ಕಿವಿ ಮುಚ್ಚಿಕೊಂಡು, ಕೈ ಅಭ್ಯಾಸದಿಂದಲೇ ಮಾಡುವುದನ್ನೂ ಕಲಿಸುವುದು ಈ ತರಬೇತಿಯ ತಿರುಳು.

ಸ್ಟೆತೊಸ್ಕೋಪನ್ನೇ ತೆಗೆದುಕೊಳ್ಳಿ. ಹಾರಾಟದಲ್ಲಿರುವ ಸೇನಾ ಹೆಲಿಕಾಪ್ಟರ್‌ನ ಒಳಗೆ ಸದ್ದು ನೂರು ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟರೆ ಇಂಜಿನ್ನಿನ ಮೊರೆತ ಮಾತ್ರ ಕೇಳುತ್ತದೆ. ಶ್ವಾಸಕೋಶದ ಎರಡೂ ಬದಿಗೆ ಗಾಳಿ ಹೋಗುತ್ತಿದೆಯೇ ಎಂಬುದನ್ನು ಎದೆ ಏರಿಳಿಯುವುದನ್ನು ನೋಡಿ, ಅಂಗೈ ಇಟ್ಟು ತಿಳಿಯಬೇಕು, ಇಲ್ಲವೇ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇರಬೇಕು. ಮಣಿಕಟ್ಟಿನ ನಾಡಿ ಹುಡುಕಲು ಹೋದರೆ ಯಂತ್ರದ ನಡುಕವೇ ಬೆರಳಿಗೆ ಮಿಡಿತದಂತೆ ತಗಲುತ್ತದೆ. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಪಲ್ಸ್ ಆಕ್ಸಿಮೀಟರ್ ಸರಿಯಾಗಿ ಓದುವುದಿಲ್ಲವಾದ್ದರಿಂದ ಅದನ್ನು ಕಿವಿಯ ಹಾಲೆಗೆ ಹಾಕುವುದೇ ವಾಸಿ. ರಾತ್ರಿಯಾದರೆ ಪೈಲಟ್‌ಗಳ ನೈಟ್ ವಿಷನ್ ಕನ್ನಡಕಕ್ಕೆ ತೊಂದರೆಯಾಗದಂತೆ ಒಳಗೆ ಮಂದವಾದ ನೀಲಿ ಅಥವಾ ಹಸಿರು ದೀಪ ಮಾತ್ರ ಇರುತ್ತದೆ, ಆ ಬೆಳಕಿನಲ್ಲಿ ರಕ್ತ ಕೆಂಪಾಗಿ ಕಾಣುವುದಿಲ್ಲ, ಬೆವರೋ ರಕ್ತವೋ ಎಂದು ಹೇಳಲಾಗದ ಕಪ್ಪು ತೇವದಂತೆ ಕಾಣುತ್ತದೆ. ಹಾಗಾಗಿ ಗಾಯಾಳುವಿನ ಬೆನ್ನು, ಕಂಕುಳು, ತೊಡೆಸಂದುಗಳಿಗೆ ಕೈ ಹಾಕಿ ಸವರಿ, ಪ್ರತಿ ಸಲವೂ ಕೈಗವಸು ಅಂಟುತ್ತಿದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಸುತ್ತಾರೆ.

ಎರಡನೆಯದು ಎತ್ತರ. ಮಿಲಿಟರಿ ಹೆಲಿಕಾಪ್ಟರ್‌ಗಳ ಒಳಗೆ ಪ್ರಯಾಣಿಕ ವಿಮಾನದಂತೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇರುವುದಿಲ್ಲ, ಹೊರಗೆಷ್ಟೋ ಒಳಗೂ ಅಷ್ಟೇ. ನುಬ್ರಾ ಕಣಿವೆಯ ತಳ ಸುಮಾರು 10,000 ಅಡಿ, ಲೇಹ್ ಸುಮಾರು 11,500 ಅಡಿ, ಆದರೆ ಎರಡರ ನಡುವೆ ನಿಂತಿರುವ ಲಡಾಖ್ ಶ್ರೇಣಿಯನ್ನು ಖಾರ್ದುಂಗ್ ಲಾ ಬಳಿ ದಾಟಲು 17,500 ಅಡಿಗಿಂತ ಮೇಲೇರಬೇಕು. ಎತ್ತರದಿಂದಾಗಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿರುವ ರೋಗಿಗೆ, ಅಂದರೆ ಸೇನೆಯಲ್ಲಿ ನಾವು ಹ್ಯಾಪೋ ಎನ್ನುವ ಕಾಯಿಲೆಯವನಿಗೆ, ಕೆಳಗಿಳಿಯುವುದೇ ಮುಖ್ಯ ಮದ್ದು. ಆ ಮದ್ದನ್ನು ಕೊಡಲೆಂದು ಮೇಲಿನ ಠಾಣೆಯಿಂದ ಲೇಹ್‌ನ ಆಸ್ಪತ್ರೆಗೆ ಹೊರಟಾಗ ಅವನನ್ನು ಮೊದಲು ಇನ್ನೂ ಮೇಲಕ್ಕೆ ಒಯ್ಯಬೇಕಾಗುತ್ತದೆ. ಕಣಿವೆಯ ತಳದಿಂದ ಶ್ರೇಣಿಯ ಮೇಲಕ್ಕೆ ಏರುವಾಗ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಸ್ವಲ್ಪವೇ ಗಾಳಿ ಸೇರಿದ್ದವನಿಗೆ, ನೆಲದ ಮೇಲೆ ಸುಮ್ಮನಿದ್ದ ಆ ಗಾಳಿ ಹೃದಯವನ್ನೇ ಒತ್ತುವಷ್ಟಾಗಬಹುದು. ಅದಕ್ಕೇ ಅಂಥವನ ಎದೆಗೆ ಹೊರಡುವ ಮೊದಲೇ ನಳಿಕೆ ಹಾಕಬೇಕು, ಅದಕ್ಕೆ ಮಗುಚಿಕೊಳ್ಳುವ ನೀರಿನ ಬಾಟಲಿಯ ಬದಲು ಒಮ್ಮುಖ ಕವಾಟ ಜೋಡಿಸಬೇಕು. ಶ್ವಾಸನಾಳದ ಟ್ಯೂಬಿನ ಕಫ್, ಅಂದರೆ ಅದರ ತುದಿಯ ಬಳಿ ಗಾಳಿ ತುಂಬಿರುವ ಪುಟ್ಟ ಬಲೂನು ಕೂಡ ಹೀಗೆಯೇ ಹಿಗ್ಗುವುದರಿಂದ ಅದರ ಒತ್ತಡವನ್ನು ಮೇಲೇರುವಾಗಲೂ ಇಳಿಯುವಾಗಲೂ ನೋಡಿಕೊಳ್ಳಬೇಕು. ಆಕ್ಸಿಜನ್ ಲೆಕ್ಕವಂತೂ ಬಾಯಿಪಾಠವಾಗಿರಬೇಕು: ಎರಡು ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ಬಾರ್ ಒತ್ತಡವಿದ್ದರೆ ಸಿಗುವುದು 300 ಲೀಟರ್, ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಅದು ಅರ್ಧ ಗಂಟೆಗೆ ಖಾಲಿ. ಹಾರಾಟ ಇಪ್ಪತ್ತೈದು ನಿಮಿಷವೆಂದು ಪೈಲಟ್ ಹೇಳಿದರೂ, ಮೋಡ ಅಡ್ಡ ಬಂದು ಹಿಂದಿರುಗಬೇಕಾದರೆ ಏನು ಗತಿ ಎಂದು ಯೋಚಿಸಿ ಎರಡರಷ್ಟು ಒಯ್ಯಬೇಕು. ಆದರೆ ಆ ಎತ್ತರದಲ್ಲಿ ಪ್ರತಿ ಕಿಲೋ ತೂಕಕ್ಕೂ ಪೈಲಟ್ ಲೆಕ್ಕ ಕೇಳುತ್ತಾನೆ. ಈ ಎಳೆದಾಟಕ್ಕೆ ಸುಲಭದ ಪರಿಹಾರವಿಲ್ಲ.

ನನ್ನ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಇಪ್ಪತ್ತೆರಡರ ಹರೆಯದ ಒಬ್ಬ ಜವಾನ, ಮೇಲಿನ ಠಾಣೆಗೆ ಬಂದ ಮೂರನೇ ದಿನ ಹ್ಯಾಪೋ ಆಗಿ, ಕೆಮ್ಮಿದರೆ ನೊರೆ ಬರುತ್ತಿತ್ತು. ಧ್ರುವ್ ಹೆಲಿಕಾಪ್ಟರ್ ಬಂತು, ನಾನು ಮತ್ತು ಒಬ್ಬ ನರ್ಸಿಂಗ್ ಅಸಿಸ್ಟೆಂಟ್ ಹವಾಲ್ದಾರ್ ಅವನ ಜೊತೆ ಹತ್ತಿದೆವು. ಹೊರಟಾಗ ಆಕ್ಸಿಮೀಟರ್ 74 ತೋರಿಸುತ್ತಿತ್ತು. ಐದಾರು ನಿಮಿಷದಲ್ಲಿ ಅದು 60ಕ್ಕಿಂತ ಕೆಳಗಿಳಿಯಿತು. ಶ್ರೇಣಿ ದಾಟುತ್ತಿದ್ದೇವೆ, ಇಳಿಯುವುದು ಸಹಜ ಎಂದುಕೊಂಡು ನಾನು ಆಕ್ಸಿಜನ್ ಹರಿವನ್ನು ಹೆಚ್ಚಿಸಿದೆ. ಏನೂ ಬದಲಾಗಲಿಲ್ಲ. ಹವಾಲ್ದಾರ್ ಏನೋ ಕೂಗುತ್ತಿದ್ದ, ಹೆಡ್‌ಸೆಟ್ ಇದ್ದದ್ದು ನನಗೊಬ್ಬನಿಗೇ ಆದ್ದರಿಂದ ಒಂದಕ್ಷರವೂ ಕೇಳಲಿಲ್ಲ. ಕೊನೆಗೆ ಅವನು ನನ್ನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿ, ಸಿಲಿಂಡರಿನ ಮೂತಿಯಿಂದ ನಳಿಕೆಯನ್ನು ಎರಡು ಬೆರಳಲ್ಲಿ ಸವರುತ್ತಾ ಬಂದ. ಎದೆಯ ಪಟ್ಟಿಯ ಬಕಲ್ ಕೆಳಗೆ ಅದು ಮಡಚಿಕೊಂಡಿತ್ತು. ಸ್ಟ್ರೆಚರ್ ಒಳಗೆ ಸೇರಿಸಿದ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ಬಿಗಿ ಮಾಡಿದವನು ನಾನೇ. ಅವನು ಬಕಲ್ ಸಡಿಲಿಸಿದ ಒಂದೆರಡು ನಿಮಿಷಕ್ಕೆ ಹುಡುಗನ ತುಟಿಗೆ ಬಣ್ಣ ಮರಳಿತು. ನೆಲದ ಮೇಲಾಗಿದ್ದರೆ ಮಾಸ್ಕಿನಲ್ಲಿ ಗಾಳಿ ನುಗ್ಗುವ ಸದ್ದು ನಿಂತದ್ದು ನನ್ನ ಕಿವಿಗೆ ತಕ್ಷಣ ಬೀಳುತ್ತಿತ್ತು. ಅಂದಿನಿಂದ ರೋಗಿಯನ್ನು ಒಳಗೆ ಸೇರಿಸಿದ ಮೇಲೆ ಪ್ರತಿ ನಳಿಕೆಯನ್ನೂ ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರದೆ ಪೈಲಟ್‌ಗೆ ಹೆಬ್ಬೆರಳು ಎತ್ತಿ ತೋರಿಸಿದವನಲ್ಲ. ಆ ಹವಾಲ್ದಾರನಿಗೆ ಇದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಅವನು ನನಗಿಂತ ಹೆಚ್ಚು ಸಲ ಹಾರಿದ್ದ, ಅಷ್ಟೇ.

ಇಲ್ಲೇ ತರಬೇತಿಯ ಪ್ರಶ್ನೆ ಬರುತ್ತದೆ. ಈ ಕೆಲಸವನ್ನು ಪ್ರತ್ಯೇಕ ವೃತ್ತಿಯಾಗಿ ಬೆಳೆಸಿದ ದೇಶಗಳಲ್ಲಿ ಅಮೆರಿಕ ಮುಂದಿದೆ. ಕೊರಿಯಾ ಯುದ್ಧದಲ್ಲಿ ಅವರ ಬೆಲ್ ಹೆಲಿಕಾಪ್ಟರ್‌ಗಳು ಗಾಯಾಳುವನ್ನು ಹೊರಬದಿಯ ಸ್ಟ್ರೆಚರಿನಲ್ಲಿ ಕಟ್ಟಿ ಒಯ್ಯುತ್ತಿದ್ದವು, ದಾರಿಯಲ್ಲಿ ಅವನನ್ನು ಮುಟ್ಟುವವರಿರಲಿಲ್ಲ. ವಿಯೆಟ್ನಾಂನಲ್ಲಿ ಹ್ಯೂಯಿ ಎಂಬ ದೊಡ್ಡ ಹೆಲಿಕಾಪ್ಟರ್ ಬಂದ ಮೇಲೆ ಒಳಗೆ ಒಬ್ಬ ಮೆಡಿಕ್ ಕೂರುವಷ್ಟು ಜಾಗವಾಯಿತು. ಅಫ್ಘಾನಿಸ್ತಾನದಲ್ಲಿ 2009ರ ಜೂನ್‌ನಲ್ಲಿ ಅವರ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ತೀವ್ರವಾಗಿ ಗಾಯಗೊಂಡವರು 60 ನಿಮಿಷದೊಳಗೆ ಆಸ್ಪತ್ರೆ ಸೇರಬೇಕೆಂದು ಆದೇಶಿಸಿದರು. ಆದರೆ ವೇಗವೊಂದೇ ಸಾಲದೆಂಬುದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಗೊತ್ತಾಯಿತು. ಮೂಲ ಮಟ್ಟದ ತುರ್ತು ತರಬೇತಿ ಮಾತ್ರ ಇದ್ದ ಮೆಡಿಕ್‌ಗಳ ಜೊತೆ ಹಾರಿದ ಗಾಯಾಳುಗಳಲ್ಲಿ 48 ಗಂಟೆಯೊಳಗೆ ತೀರಿಕೊಂಡವರು ಶೇ. 15, ಕ್ರಿಟಿಕಲ್ ಕೇರ್ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳ ಜೊತೆ ಹಾರಿದವರಲ್ಲಿ ಶೇ. 8. ಆ ಎರಡನೇ ಗುಂಪಿನವರು ನ್ಯಾಷನಲ್ ಗಾರ್ಡ್‌ನವರು, ಅಂದರೆ ಊರಿನಲ್ಲಿ ನಾಗರಿಕ ಹೆಲಿಕಾಪ್ಟರ್ ಮತ್ತು ಆಂಬ್ಯುಲೆನ್ಸ್‌ಗಳಲ್ಲಿ ದಿನವೂ ರೋಗಿಗಳನ್ನು ನೋಡುತ್ತಿದ್ದವರು. ನಿಮ್ಮಂಥವರು ಎಂದೇ ಇಟ್ಟುಕೊಳ್ಳಿ. ಈಗ ಅಲ್ಲಿ ಫ್ಲೈಟ್ ಪ್ಯಾರಾಮೆಡಿಕ್ ಆಗುವವನು ಟೆಕ್ಸಾಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಯುದ್ಧಭೂಮಿಯ ಮೆಡಿಕ್ ಪಾಠ ಮುಗಿಸಿದ ಮೇಲೆ ಪೂರ್ಣ ಪ್ಯಾರಾಮೆಡಿಕ್ ಕೋರ್ಸು, ಅದರ ಮೇಲೆ ಕ್ರಿಟಿಕಲ್ ಕೇರ್ ಪಾಠವನ್ನು ಮುಗಿಸಬೇಕು. ವೆಂಟಿಲೇಟರ್ ನಡೆಸುವುದು, ಹಾರುತ್ತಲೇ ರಕ್ತ ಕೊಡುವುದು, ಕೆಟಮಿನ್ ಕೊಟ್ಟು ನೋವು ತಣಿಸುವುದು ಇವೆಲ್ಲ ಅದರಲ್ಲಿವೆ.

ವೈದ್ಯಕೀಯದ ಹೊರಗಿನ ಪಾಠವೂ ಇದೆ, ಅದನ್ನು ಹಗುರವಾಗಿ ಕಾಣಬೇಡಿ. ಹೆಲಿಕಾಪ್ಟರ್ ಬಳಿಗೆ ಪೈಲಟ್‌ಗೆ ಕಾಣುವಂತೆ ಮುಂಬದಿಯಿಂದಲೇ ಬಗ್ಗಿ ಹೋಗಬೇಕು, ಬಾಲದ ಕಡೆಗೆ ಎಂದೂ ಸುಳಿಯಬಾರದು; ಇಳಿಜಾರಿನಲ್ಲಿ ನಿಂತಿದ್ದರೆ ಮೇಲ್ಬದಿಯಿಂದ ಬರಲೇಬಾರದು, ಏಕೆಂದರೆ ಆ ಬದಿಯಲ್ಲಿ ರೆಕ್ಕೆ ನೆಲಕ್ಕೆ ತಲೆಯೆತ್ತರದಲ್ಲಿ ತಿರುಗುತ್ತಿರುತ್ತದೆ. ರೋಟರ್ ಗಾಳಿಗೆ ಹಾರಬಲ್ಲ ಕಂಬಳಿ, ಟೋಪಿ, ಖಾಲಿ ಚೀಲ ಯಾವುದೂ ಸಡಿಲವಾಗಿರಬಾರದು. ನೀರಿನ ಮೇಲೆ ಹಾರುವವರಿಗೆ ಹೆಲಿಕಾಪ್ಟರ್ ಮಗುಚಿ ಮುಳುಗಿದರೆ ಹೊರಬರುವುದನ್ನು ಕೊಳದಲ್ಲಿ ಮುಳುಗಿಸಿಯೇ ಕಲಿಸುತ್ತಾರೆ. ನಮ್ಮ ನೌಕಾಪಡೆಗೆ ಕೊಚ್ಚಿಯಲ್ಲಿ ಅಂಥ ಕೇಂದ್ರವಿದೆ.

ಭಾರತದ ಸ್ಥಿತಿಯನ್ನು ಕುರಿತು ಪ್ರಾಮಾಣಿಕವಾಗಿ ಹೇಳುವುದಾದರೆ, ನಾನಿದ್ದಾಗ ಫ್ಲೈಟ್ ಮೆಡಿಕ್ ಎಂಬ ಪ್ರತ್ಯೇಕ ವೃತ್ತಿ ನಮ್ಮಲ್ಲಿರಲಿಲ್ಲ. ವೈದ್ಯಾಧಿಕಾರಿ, ನರ್ಸಿಂಗ್ ಅಧಿಕಾರಿ ಅಥವಾ ನರ್ಸಿಂಗ್ ಅಸಿಸ್ಟೆಂಟ್, ಆ ಹೊತ್ತಿಗೆ ಯಾರಿದ್ದರೋ ಅವರು ಹತ್ತುತ್ತಿದ್ದರು. ವೈದ್ಯರಿಗೆ ಲಕ್ನೋದಲ್ಲಿ ಮೂಲ ತರಬೇತಿ. ವೈಮಾನಿಕ ವೈದ್ಯಕೀಯದ ಆಳವಾದ ಅಧ್ಯಯನಕ್ಕೆ ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲೇ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಗಾಳಿ ತೆಳುವಾದಾಗ ಮೆದುಳು ಹೇಗೆ ಮಂಕಾಗುತ್ತದೆ ಎಂಬುದನ್ನು ಒತ್ತಡ ಕೋಣೆಯೊಳಗೆ ಕೂರಿಸಿ ಅನುಭವಕ್ಕೆ ತರುತ್ತಾರೆ. ಅಂಥ ಅನುಭವ ಹೆಲಿಕಾಪ್ಟರ್ ಹತ್ತುವ ಪ್ರತಿಯೊಬ್ಬ ನರ್ಸಿಂಗ್ ಅಸಿಸ್ಟೆಂಟ್‌ಗೂ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಯಾಕೆಂದರೆ ಎತ್ತರದಲ್ಲಿ ಮಂಕಾಗುವುದು ರೋಗಿಯ ಮೆದುಳಷ್ಟೇ ಅಲ್ಲ.

ಸಿಯಾಚಿನ್‌ನ ತೀರ ಮೇಲಿನ ಠಾಣೆಗಳ ಮಾತೇ ಬೇರೆ. ಅಲ್ಲಿಗೆ ಹೋಗುವುದು ಮುಖ್ಯವಾಗಿ ಚೀತಾ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಒಂದೇ ಇಂಜಿನ್ನಿನ ಪುಟ್ಟ ಯಂತ್ರ. ಆ ಎತ್ತರದಲ್ಲಿ ಅದು ಎತ್ತಬಲ್ಲ ತೂಕ ಎಷ್ಟು ಕಡಿಮೆಯೆಂದರೆ, ರೋಗಿಯನ್ನು ಹತ್ತಿಸಿದರೆ ಜೊತೆಗಾರನಿಗೆ ಅವಕಾಶವಿಲ್ಲದೆ ಹೋಗಬಹುದು. ಆಗ ಕೆಳಗೆ ಉಳಿಯುವ ವೈದ್ಯನ ಕೈಯಲ್ಲಿರುವುದು ಹೊರಡುವ ಮುಂಚಿನ ನಿಮಿಷಗಳು ಮಾತ್ರ: ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್, ಹ್ಯಾಪೋಗೆ ನಿಫೆಡಿಪಿನ್, ವಾಂತಿ ತಡೆಯುವ ಇಂಜೆಕ್ಷನ್, ಭದ್ರವಾಗಿ ಕಟ್ಟಿದ ಮಾಸ್ಕ್, ಎದೆಯ ಮೇಲೆ ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಬರೆದ ಔಷಧಿಯ ಹೆಸರು ಮತ್ತು ಹೊತ್ತು.

ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿರಲಾರರು. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು, ಆರನೇ ದಿನ, 8ರಂದು ಅವರು ಜೀವಂತವಾಗಿ ಸಿಕ್ಕರು. ಬಿಸಿ ಮಾಡಿದ ಡ್ರಿಪ್, ಬೆಚ್ಚಗಿನ ತೇವಭರಿತ ಆಕ್ಸಿಜನ್, ನಿಧಾನವಾಗಿ ಮೈ ಬೆಚ್ಚಗಾಗಿಸುವಿಕೆ ಇವೆಲ್ಲವನ್ನೂ ಆ ಹಿಮದ ಮೇಲೆಯೇ ವೈದ್ಯರು ಮಾಡಿದರು. ಮರುದಿನ ಬೆಳಿಗ್ಗೆ ಹೆಲಿಕಾಪ್ಟರ್‌ನಲ್ಲಿ ನುಬ್ರಾ ಕಣಿವೆಯ ವಾಯುನೆಲೆ ಥೋಯಿಸ್‌ಗೆ, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಕರೆತಂದರು. 11ರಂದು ಅವರು ತೀರಿಕೊಂಡರು. ಹಾಗೆ ಹೆಪ್ಪುಗಟ್ಟಿದ ದೇಹವನ್ನು ಒರಟಾಗಿ ಅಲುಗಿಸಿದರೂ ಹೃದಯದ ಲಯ ಕೆಟ್ಟು ನಿಲ್ಲಬಹುದು, ಅಂಥವರನ್ನು ನಡುಗುವ ಯಂತ್ರದೊಳಗೆ ಜೀವಂತವಾಗಿ ಕೆಳಗೆ ತರುವುದು ಎಷ್ಟು ದೊಡ್ಡ ಕೆಲಸವೆಂದು ಈ ಕ್ಷೇತ್ರದವನಾಗಿ ನಾನು ಬಲ್ಲೆ.

ಮನಸ್ಸಿನ ಮೇಲಿನ ಭಾರದ ಬಗ್ಗೆ ಒಂದೇ ಮಾತು. ರೋಗಿಯನ್ನು ಒಪ್ಪಿಸಿದ ಹತ್ತು ನಿಮಿಷಕ್ಕೆ ನೀವು ಮರಳಿ ಹೊರಡುತ್ತೀರಿ. ಅವನು ಉಳಿದನೋ ಇಲ್ಲವೋ ಎಂಬುದು ಅನೇಕ ಸಲ ತಿಳಿಯುವುದೇ ಇಲ್ಲ. 108ರಲ್ಲಿ ಇರುವ ನಿಮಗೆ ಇದನ್ನು ವಿವರಿಸಬೇಕಿಲ್ಲ.

ನಿಮಗೆ ಈ ದಾರಿ ಹಿಡಿಯುವ ಮನಸ್ಸಿದ್ದರೆ, ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಯ ನೇಮಕಾತಿ ಇದೆ, ಆದರೆ ಆರು ವರ್ಷ ದುಡಿದಿರುವ ನೀವು ಮೊದಲು ವಯೋಮಿತಿಯನ್ನು ನೋಡಿಕೊಳ್ಳಿ. ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿ ನೋಡಿ. ಪಾಳಿ ಮುಗಿದ ಮೇಲೆ ನಿಂತ ವಾಹನದೊಳಗೆ ದೀಪ ಆರಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು, ದಪ್ಪ ಕೈಗವಸು ಹಾಕಿ, ಜೊತೆಗಾರನೊಬ್ಬನನ್ನು ಸ್ಟ್ರೆಚರ್ ಮೇಲೆ ಮಲಗಿಸಿ. ಬ್ಯಾಗಿನಿಂದ ರಕ್ತಸ್ರಾವ ತಡೆಯುವ ಪಟ್ಟಿ, ಟೂರ್ನಿಕೆಟ್ ತೆಗೆದು ಅವನ ತೊಡೆಗೆ ಬಿಗಿಯಿರಿ, ಆಕ್ಸಿಜನ್ ಮಾಸ್ಕ್ ಹಾಕಿ, ನಳಿಕೆಯನ್ನು ಸಿಲಿಂಡರಿನಿಂದ ಮಾಸ್ಕಿನವರೆಗೆ ಬೆರಳಲ್ಲಿ ಸವರಿ ನೋಡಿ. ಮೊದಲ ಸಲ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಟ್ಟುಕೊಂಡು, ಇಪ್ಪತ್ತನೇ ಸಲದ ಜೊತೆ ಹೋಲಿಸಿ ಇಲ್ಲಿ ತಿಳಿಸಿ, ಮುಂದಿನದನ್ನು ಅಲ್ಲಿಂದ ಮಾತಾಡೋಣ.